ಕೋಳಿ ಸಣ್ಣದೆಂದು ಬೈಯುವ ಮುನ್ನ



ಮಳೆಗಾಲ ಬಂತೆಂದರೆ ನಮ್ಮ ಹೋಟೆಲುಗಳಲ್ಲಿ ಒಂದೇ ದೂರು: ತಂದೂರಿಗೆ ತರಿಸಿದ ಕೋಳಿಗಳಲ್ಲಿ ಒಂದರ ಅಳತೆ ಇನ್ನೊಂದಕ್ಕಿಲ್ಲ. ಸಪ್ಲೈಯರನ್ನು ನಾನೂ ಸಾಕಷ್ಟು ಬೈದವನೇ. ಆದರೆ ಕೆಡುವುದು ಹೆಚ್ಚಾಗಿ ಮರಿಯಿದ್ದಾಗಲೇ.

ಬ್ರಾಯ್ಲರ್ ಕೋಳಿ ಐದಾರು ವಾರಕ್ಕೆ ಮಾರಾಟಕ್ಕೆ ಬರುತ್ತದೆ. ಅಷ್ಟರೊಳಗೆ ರಾಣಿಖೇತವೋ ಗಂಬೋರೊ ರೋಗವೋ ಕೊಳಕು ಶೆಡ್ಡಿನ ಸೋಂಕೋ ತಗುಲಿದರೆ ಮರಿ ಮೇವು ಬಿಡುತ್ತದೆ. ತಿಂದಷ್ಟೂ ಮಾಂಸವಾಗದೆ ರೋಗದೊಡನೆ ಹೋರಾಡಲು ಖರ್ಚಾಗುತ್ತದೆ. ಸಾಲದಿದ್ದರೆ ಮೈಯ ಮಾಂಸವೇ ಕರಗುತ್ತದೆ. ಮೇಲಾಗಿ, ಒದ್ದೆಯಾಗಿ ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿದ್ದರೆ ಅದು ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಲಸಿಕೆ ಹಾಕಿದರೂ ಸರಿಯಾಗಿ ಹತ್ತುವುದಿಲ್ಲ.

ಅಗ್ಗದ ಕೋಳಿ ಬೇಕೆಂದು ಹಟ ಹಿಡಿಯುವವರು ನಾವೇ ಅಲ್ಲವೇ? ಆ ದರಕ್ಕೆ ಸಾಕಣೆದಾರ ಮೇವಿನಲ್ಲಿ ಉಳಿಸಿ, ಕೊರತೆಯನ್ನು ಆಂಟಿಬಯೋಟಿಕ್‌ನಿಂದ ಮುಚ್ಚಲು ನೋಡುತ್ತಾನೆ. ಮನುಷ್ಯರಿಗೆ ಕೊನೆಯ ಮದ್ದಾಗಿ ಉಳಿದಿರುವ ಕೊಲಿಸ್ಟಿನನ್ನು ಕೋಳಿಗೆ ಕೊಡದಂತೆ ಕೇಂದ್ರ ಸರಕಾರ 2019ರಲ್ಲಿ ನಿಷೇಧಿಸಬೇಕಾಯಿತು.

ಕಿಲೋಗೆ ಒಂದೆರಡು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ, ಮೇವು ಎಂಥದ್ದು, ಲಸಿಕೆ ಆಗಿದೆಯೇ, ಮದ್ದು ಎಂದು ನಿಲ್ಲಿಸಿದರು ಎಂದು ಕೇಳಿ ಖರೀದಿಸೋಣ. ಒಬ್ಬೊಬ್ಬರೇ ಕೇಳಿದರೆ ಸಪ್ಲೈಯರ್ ನಕ್ಕು ಸುಮ್ಮನಾಗುತ್ತಾನೆ. ಸಂಘದ ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕೋರುತ್ತೇನೆ.