ಹೆಸರು ಹೇಳಿ ಎತ್ತಿದ ಹಣಕ್ಕೆ ಲೆಕ್ಕ ಯಾರು ಕೊಡುತ್ತಾರೆ?

2025ರ ಡಿಸೆಂಬರ್‌ನಲ್ಲಿ ಸಂಸತ್ತು ಮತ್ತೊಂದು ಸೆಸ್‌ಗೆ ಒಪ್ಪಿಗೆ ಕೊಟ್ಟಿತು. ಪಾನ್ ಮಸಾಲ ತಯಾರಿಸುವ ಯಂತ್ರಗಳ ಸಾಮರ್ಥ್ಯ ನೋಡಿ ವಿಧಿಸುವ ಈ ಸೆಸ್‌ನ ಹೆಸರಿನಲ್ಲೇ ಆರೋಗ್ಯ ಭದ್ರತೆಯೂ ಇದೆ, ರಾಷ್ಟ್ರೀಯ ಭದ್ರತೆಯೂ ಇದೆ. ಪಾನ್ ಮಸಾಲದ ಮೇಲೆ ತೆರಿಗೆಯ ಭಾರ ಬೀಳುವುದಕ್ಕೆ ನನ್ನ ತಕರಾರಿಲ್ಲ. ಬಾಯಿ ಕ್ಯಾನ್ಸರ್ ತಂದುಕೊಂಡು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಮುಂದೆ ಸರದಿ ನಿಲ್ಲುವವರನ್ನು ಕಂಡ ಯಾರೂ ಅದಕ್ಕೆ ಅಡ್ಡ ಮಾತಾಡಲಾರರು. ಆದರೆ ಆರೋಗ್ಯದ ಹೆಸರು ಹೇಳಿ ಹಣ ಎತ್ತಿದ ಮೇಲೆ ಅದರಲ್ಲಿ ಆರೋಗ್ಯಕ್ಕೆ ಎಷ್ಟು ಹೋಯಿತೆಂದು ಹಣಕಾಸು ಸಚಿವಾಲಯ ತಾನಾಗಿ ಹೇಳಬೇಕು. ಇದುವರೆಗಿನ ಸೆಸ್‌ಗಳ ಚರಿತ್ರೆ ನೋಡಿದರೆ ಅದು ಹೇಳುವುದಿಲ್ಲ. ಮಹಾಲೇಖಪಾಲರು, ಅಂದರೆ ಸಿಎಜಿ, ಕಡತಗಳಿಂದ ಹೆಕ್ಕಿ ತೆಗೆದಾಗಲೇ ನಮಗೆ ಗೊತ್ತಾಗುವುದು. ಅಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ.

2018-19ರ ಲೆಕ್ಕ ಕುರಿತ ಸಿಎಜಿ ವರದಿಯನ್ನು ತೆಗೆದುಕೊಳ್ಳಿ. ಆ ಒಂದೇ ವರ್ಷ 35 ಬಗೆಯ ಸೆಸ್ ಮತ್ತು ಲೆವಿಗಳಿಂದ ಕೇಂದ್ರಕ್ಕೆ ಬಂದ ಹಣ 2,74,592 ಕೋಟಿ ರೂಪಾಯಿ. ಅದರಲ್ಲಿ ಗೊತ್ತುಪಡಿಸಿದ ನಿಧಿಗಳಿಗೆ ಮತ್ತು ಮಂಡಳಿಗಳಿಗೆ ವರ್ಗಾವಣೆಯಾದದ್ದು 1,64,322 ಕೋಟಿ. ಮಿಕ್ಕ ಒಂದು ಲಕ್ಷ ಕೋಟಿಗೂ ಹೆಚ್ಚಿನ ಮೊತ್ತ ಭಾರತದ ಸಂಚಿತ ನಿಧಿಯಲ್ಲೇ ಉಳಿಯಿತು. ಸಂಚಿತ ನಿಧಿಯಲ್ಲಿ ಉಳಿಯಿತು ಎಂದರೆ ಬೇರೆಲ್ಲ ತೆರಿಗೆಯ ಜೊತೆ ಬೆರೆತು ಹೋಯಿತು ಎಂದು ಅರ್ಥ. ಅದು ಯಾವ ಖರ್ಚಿಗೆ ಸಂದಿತೆಂದು ಆಮೇಲೆ ಬೇರ್ಪಡಿಸಿ ಹೇಳಲು ಬರುವುದಿಲ್ಲ. ಕಚ್ಚಾ ತೈಲದ ಮೇಲಿನ ಸೆಸ್‌ನಿಂದ ಹತ್ತು ವರ್ಷಗಳಲ್ಲಿ ಬಂದ 1,24,399 ಕೋಟಿ ರೂಪಾಯಿ ತೈಲೋದ್ಯಮ ಅಭಿವೃದ್ಧಿ ಮಂಡಳಿಗೆ ಹೋಗಿಯೇ ಇರಲಿಲ್ಲ ಎಂಬುದೂ ಅದೇ ವರದಿಯಲ್ಲಿದೆ. ಸಂಶೋಧನೆ ಮತ್ತು ಅಭಿವೃದ್ಧಿ ಸೆಸ್‌ನ ಕಥೆ ಇನ್ನೂ ಹಳೆಯದು. 1996-97ರಿಂದ 2016-17ರವರೆಗೆ ಸಂಗ್ರಹವಾದದ್ದು 7,885 ಕೋಟಿ, ಉದ್ದೇಶಕ್ಕೆ ಬಳಕೆಯಾದದ್ದು 609 ಕೋಟಿ. ನೂರು ರೂಪಾಯಿ ಎತ್ತಿದರೆ ಎಂಟು ರೂಪಾಯಿಯೂ ಸಂಶೋಧನೆಗೆ ಸಿಗಲಿಲ್ಲ. ಪ್ರೌಢ ಮತ್ತು ಉನ್ನತ ಶಿಕ್ಷಣದ ಸೆಸ್ 2007ರಲ್ಲೇ ಶುರುವಾಗಿತ್ತು. ಆ ಹಣ ಇಡಬೇಕಾದ ನಿಧಿಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದು 2017ರಲ್ಲಿ.

ಇವುಗಳಲ್ಲೆಲ್ಲ ನನಗೆ ತೀರಾ ಗಂಭೀರವಾಗಿ ಕಾಣುವುದು ಜಿಎಸ್‌ಟಿ ಪರಿಹಾರದ ಸೆಸ್. ಜಿಎಸ್‌ಟಿ ಬಂದಾಗ ರಾಜ್ಯಗಳು ತಮ್ಮ ತೆರಿಗೆ ಹಾಕುವ ಅಧಿಕಾರದ ದೊಡ್ಡ ಭಾಗವನ್ನೇ ಬಿಟ್ಟುಕೊಟ್ಟವು. ಅದಕ್ಕೆ ಬದಲಾಗಿ ಐದು ವರ್ಷ ನಷ್ಟ ತುಂಬಿಕೊಡುವುದಾಗಿ ಕೇಂದ್ರ 2017ರಲ್ಲಿ ಕಾನೂನು ಮಾಡಿ ಮಾತು ಕೊಟ್ಟಿತು. ಈ ಸೆಸ್ ಪ್ರತ್ಯೇಕ ನಿಧಿಗೆ ಹೋಗಬೇಕು, ವರ್ಷದ ಕೊನೆಗೆ ಅದು ರದ್ದಾಗಬಾರದು ಎಂದೂ ಆ ಕಾನೂನು ಹೇಳಿತು. ಮೊದಲ ಎರಡು ವರ್ಷಗಳಲ್ಲೇ 47,272 ಕೋಟಿ ರೂಪಾಯಿ ಆ ನಿಧಿಗೆ ಜಮೆಯಾಗಲಿಲ್ಲವೆಂದು ಸಿಎಜಿ ದಾಖಲಿಸಿದರು. ಈ ಸಂಗತಿ ಹೊರಬಿದ್ದದ್ದು 2020ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಕೆಲವೇ ವಾರ ಮೊದಲು, ಆಗಸ್ಟ್ 27ರ ಜಿಎಸ್‌ಟಿ ಮಂಡಳಿ ಸಭೆಯ ನಂತರ, ಕೋವಿಡ್ ದೈವೇಚ್ಛೆ, ವರಮಾನ ಬಿದ್ದಿದೆ, ರಾಜ್ಯಗಳು ಸಾಲ ಎತ್ತಿಕೊಳ್ಳಲಿ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದ್ದರು.

ಲೆಕ್ಕ ತಾಳೆ ಮಾಡುವವರೆಗೆ ಹಣ ತಾತ್ಕಾಲಿಕವಾಗಿ ಸಂಚಿತ ನಿಧಿಯಲ್ಲಿತ್ತು, ಅದನ್ನು ಬೇರೆಡೆಗೆ ತಿರುಗಿಸಿದ್ದೇವೆ ಎನ್ನುವುದು ಸರಿಯಲ್ಲ ಎಂಬುದು ಸಚಿವಾಲಯದ ಉತ್ತರವಾಗಿತ್ತು. ನಮ್ಮ ಯಾವುದೇ ಗ್ರಾಮ ಪಂಚಾಯಿತಿಯಲ್ಲಿ ಕುಡಿಯುವ ನೀರಿಗೆಂದು ಬಂದ ಅನುದಾನವನ್ನು ಪಿಡಿಒ ಬೇರೆ ಬಾಬ್ತಿನ ಖಾತೆಯಲ್ಲಿ ಇಟ್ಟುಕೊಂಡು, ತಾಳೆ ಆಗುತ್ತಿದೆ ಎಂದು ಎರಡು ವರ್ಷ ಹೇಳಿದರೆ ಏನಾಗುತ್ತದೆ? ಆಡಿಟ್ ಆಕ್ಷೇಪಣೆ ಬರುತ್ತದೆ, ಜಿಲ್ಲಾ ಪಂಚಾಯಿತಿಯಿಂದ ನೋಟಿಸ್ ಬರುತ್ತದೆ, ಅಮಾನತಾದರೂ ಯಾರಿಗೂ ಅಚ್ಚರಿಯಾಗುವುದಿಲ್ಲ. ಹಳ್ಳಿಯ ಒಬ್ಬ ನೌಕರನಿಗೆ ಇರುವ ನಿಯಮ ದೇಶದ ಖಜಾನೆ ಕಾಯುವವರಿಗೂ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಸೆಸ್ ಹಣವನ್ನು ಅದರ ನಿಧಿಗೆ ಹಾಕದಿರುವುದಕ್ಕೆ ಇನ್ನೊಂದು ಸಮರ್ಥನೆ ಆಗಾಗ ಕೇಳಿಬರುತ್ತದೆ. ಶಿಕ್ಷಣಕ್ಕೆ ಸರ್ಕಾರ ಮಾಡುವ ಒಟ್ಟು ಖರ್ಚು ಶಿಕ್ಷಣ ಸೆಸ್‌ಗಿಂತ ಹೆಚ್ಚೇ ಇರುವಾಗ ಹಣ ಯಾವ ಕಿಸೆಯಿಂದ ಹೋದರೇನು ಎನ್ನುತ್ತಾರೆ. ಹಾಗಿದ್ದರೆ ಅದನ್ನು ಸಾಮಾನ್ಯ ತೆರಿಗೆಯಾಗಿಯೇ ಹಾಕಬಹುದಿತ್ತಲ್ಲ? ಹಾಕದಿರುವುದಕ್ಕೆ ಕಾರಣ ಸಂವಿಧಾನದ 270ನೇ ವಿಧಿಯಲ್ಲಿದೆ. ಸಾಮಾನ್ಯ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲು ಕೊಡಬೇಕು. ಸೆಸ್ ಮತ್ತು ಸರ್ಚಾರ್ಜ್‌ಗಳಲ್ಲಿ ಕೊಡಬೇಕಿಲ್ಲ. 2011-12ರಲ್ಲಿ ಕೇಂದ್ರದ ಒಟ್ಟು ತೆರಿಗೆ ವರಮಾನದಲ್ಲಿ ಇವೆರಡರ ಪಾಲು ಶೇ 10ರ ಆಸುಪಾಸಿನಲ್ಲಿತ್ತು, 2020-21ರ ಹೊತ್ತಿಗೆ ಶೇ 20ರ ಹತ್ತಿರ ಬಂತು. 14ನೇ ಹಣಕಾಸು ಆಯೋಗ ರಾಜ್ಯಗಳ ಪಾಲನ್ನು ಶೇ 32ರಿಂದ 42ಕ್ಕೆ ಏರಿಸಿದಾಗ ಎಲ್ಲರೂ ಸಂಭ್ರಮಿಸಿದ್ದೆವು. ಹಂಚುವ ಬುಟ್ಟಿಯೇ ಚಿಕ್ಕದಾಗುತ್ತಾ ಬಂದದ್ದು ನಿಧಾನವಾಗಿ ಅರಿವಿಗೆ ಬಂತು.

ಪೆಟ್ರೋಲ್ ಬಂಕಿನಲ್ಲಿ ಒಂದು ಲೀಟರ್ ಹಾಕಿಸಿಕೊಂಡು ಈ ಲೆಕ್ಕವನ್ನು ಬಿಡಿಸಿ ನೋಡೋಣ. 2025ರ ಏಪ್ರಿಲ್ ಏರಿಕೆಯ ನಂತರ ಲೀಟರಿಗೆ ಕೇಂದ್ರದ ಅಬಕಾರಿ ಸುಂಕ 21 ರೂಪಾಯಿ 90 ಪೈಸೆ ಆಯಿತು. ಅದರಲ್ಲಿ ವಿಶೇಷ ಹೆಚ್ಚುವರಿ ಸುಂಕ 13 ರೂಪಾಯಿ, ರಸ್ತೆ ಮತ್ತು ಮೂಲಸೌಕರ್ಯ ಸೆಸ್ 5 ರೂಪಾಯಿ, ಕೃಷಿ ಮೂಲಸೌಕರ್ಯ ಸೆಸ್ ಎರಡೂವರೆ ರೂಪಾಯಿ. ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೂಲ ಸುಂಕ ಕೇವಲ 1 ರೂಪಾಯಿ 40 ಪೈಸೆ. 15ನೇ ಹಣಕಾಸು ಆಯೋಗದ ಲೆಕ್ಕದಂತೆ ಅದರ ಶೇ 41, ಅಂದರೆ 57 ಪೈಸೆ, ಎಲ್ಲ ರಾಜ್ಯಗಳಿಗೂ ಸೇರಿ. ಅದೇ ಆಯೋಗ ಕರ್ನಾಟಕಕ್ಕೆ ಗೊತ್ತು ಮಾಡಿದ ಶೇ 3.647ರ ಲೆಕ್ಕ ಹಿಡಿದರೆ ನಮ್ಮ ರಾಜ್ಯಕ್ಕೆ ಬರುತ್ತಿದ್ದುದು ಲೀಟರಿಗೆ ಎರಡು ಪೈಸೆ. ರಾಜ್ಯ ಸರ್ಕಾರವೂ ಪೆಟ್ರೋಲ್ ಮೇಲೆ ಹಗುರ ತೆರಿಗೆಯನ್ನೇನೂ ಹಾಕುತ್ತಿಲ್ಲ. 2024ರ ಜೂನ್‌ನಲ್ಲಿ ಮಾರಾಟ ತೆರಿಗೆಯನ್ನು ಶೇ 29.84ಕ್ಕೆ ಏರಿಸಿತು. ಆದರೆ ಅದು ಮಾರಾಟ ತೆರಿಗೆ ಎಂದೇ ಹೇಳಿ ಹಾಕಿದ ತೆರಿಗೆ. ಕೃಷಿಗೆ, ರಸ್ತೆಗೆ ಎಂದು ಹೇಳಿ ಹಾಕಿದ್ದಕ್ಕೆ ಕೃಷಿಯ ಮತ್ತು ರಸ್ತೆಯ ಲೆಕ್ಕ ಬೇಕು.

2024ರ ಫೆಬ್ರುವರಿ 7ರಂದು ಕರ್ನಾಟಕದ ಮುಖ್ಯಮಂತ್ರಿ ಮತ್ತು ಸಚಿವರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತದ್ದು ನೆನಪಿರಬಹುದು. ‘ನನ್ನ ತೆರಿಗೆ ನನ್ನ ಹಕ್ಕು’ ಎಂಬ ಘೋಷಣೆ ಮನೆಮಾತಾಯಿತು. ತೆರಿಗೆ ಪಾಲು ಶೇ 4.713ರಿಂದ 3.647ಕ್ಕೆ ಇಳಿದ ನೋವು ನ್ಯಾಯವಾದದ್ದೇ. 15ನೇ ಆಯೋಗ ತನ್ನ ಮೊದಲ ವರದಿಯಲ್ಲಿ ಶಿಫಾರಸು ಮಾಡಿದ್ದ 5,495 ಕೋಟಿಯ ವಿಶೇಷ ಅನುದಾನ ಎಲ್ಲಿ ಎಂದು ರಾಜ್ಯ ಕೇಳಿತು. ಅಂತಿಮ ವರದಿಯಲ್ಲಿ ಅಂಥ ಶಿಫಾರಸೇ ಇಲ್ಲವೆಂದು ಕೇಂದ್ರ ಹೇಳಿತು. ಇಬ್ಬರೂ ಹೇಳಿದ್ದು ತಂತಮ್ಮ ವರದಿಯ ಪುಟದ ಮಟ್ಟಿಗೆ ನಿಜ. ಈ ಹಗ್ಗಜಗ್ಗಾಟದಲ್ಲಿ ಪಾಲಿನ ಮಾತು ದೊಡ್ಡದಾಯಿತು, ಲೆಕ್ಕದ ಮಾತು ಮೂಲೆಗೆ ಬಿತ್ತು. ಹಂಚಿಕೆಯ ಸೂತ್ರ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ. ಲೆಕ್ಕ ತೋರಿಸುವ ಕಟ್ಟುಪಾಡು ಇಲ್ಲದಿದ್ದರೆ ಯಾವ ಸೂತ್ರ ಬಂದರೂ ಅದನ್ನು ಬದಿಗೆ ಸರಿಸಿ ಹಣ ಎತ್ತುವ ದಾರಿ ತೆರೆದೇ ಇರುತ್ತದೆ. ದೆಹಲಿಗೆ ಹೋದ ನಮ್ಮವರು ಅಂದು ಕೇಳಬೇಕಿದ್ದ ಮೊದಲ ಪ್ರಶ್ನೆ ಅದೇ ಎಂದು ನನಗನ್ನಿಸುತ್ತದೆ.

ಮನಸ್ಸು ಮಾಡಿದರೆ ಸಚಿವಾಲಯಕ್ಕೆ ಸತ್ಯ ಹೇಳಲು ಬರುತ್ತದೆ. ಹಲವು ವರ್ಷ ಆಹಾರ ಸಬ್ಸಿಡಿಯ ದೊಡ್ಡ ಭಾಗವನ್ನು ಬಜೆಟ್‌ನಲ್ಲಿ ತೋರಿಸದೆ, ಭಾರತೀಯ ಆಹಾರ ನಿಗಮದಿಂದ ಸಣ್ಣ ಉಳಿತಾಯ ನಿಧಿಯಲ್ಲಿ ಸಾಲ ಮಾಡಿಸಿ ದಾಟಿಸಲಾಗುತ್ತಿತ್ತು. ವಿತ್ತೀಯ ಕೊರತೆ ಕಡಿಮೆ ಕಾಣುತ್ತಿತ್ತು, ಸಾಲ ನಿಗಮದ ತಲೆಗೆ. ಸಿಎಜಿ ಇದನ್ನು ಎತ್ತಿ ತೋರಿಸಿದ್ದರು. 2021ರ ಬಜೆಟ್‌ನಲ್ಲಿ ಸೀತಾರಾಮನ್ ಆ ಪದ್ಧತಿ ನಿಲ್ಲಿಸಿ ಹಳೆಯ ಬಾಕಿಯನ್ನು ಲೆಕ್ಕಕ್ಕೆ ತಂದರು. 1,15,570 ಕೋಟಿ ಎಂದು ಅಂದಾಜಿಸಿದ್ದ 2020-21ರ ಆಹಾರ ಸಬ್ಸಿಡಿ, ಪರಿಷ್ಕೃತ ಅಂದಾಜಿನಲ್ಲಿ 4,22,618 ಕೋಟಿಗೆ ಜಿಗಿಯಿತು. ಕೋವಿಡ್ ಕಾಲದ ಉಚಿತ ಧಾನ್ಯದ ಖರ್ಚೂ ಅದರಲ್ಲಿತ್ತು, ವರ್ಷಗಳಿಂದ ಬಚ್ಚಿಟ್ಟದ್ದೂ ಇತ್ತು. ಅದು ಒಳ್ಳೆಯ ಕೆಲಸ. ಅದರ ಶ್ರೇಯ ಅವರಿಗೆ ಸಲ್ಲಬೇಕು. ಸೆಸ್‌ಗಳ ವಿಷಯದಲ್ಲಿ ಅದೇ ಧೈರ್ಯ ಯಾಕೆ ಇಲ್ಲ?

ಖರ್ಚಿನ ಲೆಕ್ಕ ಸಿಕ್ಕರೂ ಅದು ಯಾರನ್ನು ಮುಟ್ಟಿತೆಂದು ತಿಳಿಯಲು ಅಂಕಿಅಂಶ ಬೇಕು. 2017-18ರ ಗ್ರಾಹಕ ವೆಚ್ಚ ಸಮೀಕ್ಷೆಯನ್ನು, ಮನೆಮನೆಗೆ ಹೋಗಿ ಮಾಹಿತಿ ತಂದ ಮೇಲೆ, ಗುಣಮಟ್ಟ ಸರಿಯಿಲ್ಲವೆಂದು 2019ರ ನವೆಂಬರ್‌ನಲ್ಲಿ ಸರ್ಕಾರ ಕೈಬಿಟ್ಟಿತು. 2011-12ರ ನಂತರದ ಸಮೀಕ್ಷೆಯ ಫಲಿತಾಂಶ ನಮ್ಮ ಕೈಗೆ ಬಂದದ್ದು 2024ರಲ್ಲಿ. ನಿರುದ್ಯೋಗದ ವರದಿಯನ್ನು ತಡೆಹಿಡಿದ ಹೊತ್ತಿನಲ್ಲಿ, 2019ರ ಜನವರಿಯಲ್ಲಿ, ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಪಿ.ಸಿ. ಮೋಹನನ್ ಮತ್ತು ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ಸಿ. ರಂಗರಾಜನ್ ಆಯೋಗ 2001ರಲ್ಲೇ ಶಿಫಾರಸು ಮಾಡಿದ್ದರೂ ಈ ಸಾಂಖ್ಯಿಕ ಆಯೋಗಕ್ಕೆ ಕಾನೂನಿನ ಬಲ ಸಿಕ್ಕಿಲ್ಲ. ಅದು ಸರ್ಕಾರಿ ಆದೇಶದ ಮೇಲೆ ನಿಂತಿದೆ. 2021ರಲ್ಲಿ ಆಗಬೇಕಿದ್ದ ಜನಗಣತಿಯನ್ನು 2027ಕ್ಕೆ ಮುಂದೂಡಲಾಯಿತು. ಅಲ್ಲಿಯವರೆಗೆ ಪಡಿತರದ ಮಿತಿ 2011ರ ಜನಸಂಖ್ಯೆಯ ಮೇಲೆಯೇ, ಸುಮಾರು 81 ಕೋಟಿಗೆ, ನಿಂತುಬಿಟ್ಟಿತು. ಆಮೇಲೆ ಹುಟ್ಟಿದ ಮಕ್ಕಳು, ಹೊಸದಾಗಿ ಸಂಸಾರ ಹೂಡಿದವರು ಕಾರ್ಡಿಗಾಗಿ ಅಲೆದರು. ಇದು ಬೇರೆ ಇಲಾಖೆಯ ಕೆಲಸ ಎಂದು ಹಣಕಾಸು ಸಚಿವಾಲಯ ಹೇಳುವಂತಿಲ್ಲ. ಎಣಿಕೆಯಲ್ಲಿ ಇಲ್ಲದವರಿಗೆ ಸಬ್ಸಿಡಿ ಇಲ್ಲ, ಆ ಉಳಿತಾಯ ಕಾಣುವುದು ಬಜೆಟ್‌ನಲ್ಲೇ.

ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ಪ್ರತಿ ಸೆಸ್‌ನಲ್ಲಿ ಬಂದದ್ದೆಷ್ಟು, ನಿಧಿಗೆ ಹೋದದ್ದೆಷ್ಟು, ಉಳಿದದ್ದೆಷ್ಟು ಎಂಬುದನ್ನು ಕೇಂದ್ರದ ಮಾಸಿಕ ಲೆಕ್ಕದ ಜೊತೆಯಲ್ಲೇ ಪ್ರಕಟಿಸಲಿ. ಮೂರು ವರ್ಷ ಉದ್ದೇಶಕ್ಕೆ ಬಳಕೆಯಾಗದ ಸೆಸ್ ತಾನಾಗಿ ರಾಜ್ಯಗಳಿಗೆ ಹಂಚುವ ತೆರಿಗೆಯಾಗಲಿ. ಸಿಎಜಿ ವರದಿಯನ್ನು ಸದನದಲ್ಲಿ ಮಂಡಿಸಬೇಕೆಂದು ಹೇಳುವ 151ನೇ ವಿಧಿ ಎಷ್ಟು ದಿನದೊಳಗೆ ಎಂದು ಹೇಳುವುದಿಲ್ಲ. ಆ ಗಡುವನ್ನು ಕಾನೂನು ಗೊತ್ತು ಮಾಡಲಿ. ಕರ್ನಾಟಕದಿಂದ ಲೋಕಸಭೆಗೆ 28 ಮಂದಿ, ರಾಜ್ಯಸಭೆಗೆ 12 ಮಂದಿ ಹೋಗುತ್ತಾರೆ. 2016ರಿಂದ ಸೀತಾರಾಮನ್ ಅವರನ್ನು ಮೇಲ್ಮನೆಗೆ ಕಳಿಸಿರುವುದೂ ನಮ್ಮ ವಿಧಾನಸಭೆಯೇ. ಪಕ್ಷ ಯಾವುದೇ ಇರಲಿ, ಈ ಮೂರನ್ನು ಕೇಳಲು ಇವರಲ್ಲಿ ಯಾರಿಗೂ ಅಡ್ಡಿಯಿಲ್ಲ.

ದೆಹಲಿಯನ್ನು ಕೇಳುವ ನೈತಿಕ ಬಲ ಬೆಂಗಳೂರಿಗೆ ಇರಬೇಕಾದರೆ ಮನೆಯ ಲೆಕ್ಕವೂ ನೆಟ್ಟಗಿರಬೇಕು. ಬೆಂಗಳೂರಿನ ಆಸ್ತಿ ತೆರಿಗೆಯ ಜೊತೆಗೆ ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3 ಎಂದು ಕರ ಎತ್ತುತ್ತಾ ಬರಲಾಗಿದೆ. ಗ್ರಂಥಾಲಯ ಕರದ ನೂರಾರು ಕೋಟಿಯನ್ನು ಬಿಬಿಎಂಪಿ ಗ್ರಂಥಾಲಯ ಇಲಾಖೆಗೆ ಕೊಡದೆ ಬಾಕಿ ಉಳಿಸಿಕೊಂಡದ್ದು ವರ್ಷವರ್ಷವೂ ಸುದ್ದಿಯಾಯಿತು. ಬೆಳಿಗ್ಗೆ ವಾರ್ಡಿನ ಗ್ರಂಥಾಲಯಕ್ಕೆ ಹೋದರೆ ಒಂದೇ ಪತ್ರಿಕೆಯ ಹಾಳೆಗಳನ್ನು ಬಿಡಿಸಿ ನಾಲ್ಕು ಜನ ಹಂಚಿಕೊಂಡು ಓದುತ್ತಿರುತ್ತಾರೆ. ಪಕ್ಕದ ಮೇಜಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಹುಡುಗಿ ಹಳೆಯ ಆವೃತ್ತಿಯ ಗೈಡನ್ನೇ ತಿರುವಿಹಾಕುತ್ತಿರುತ್ತಾಳೆ. ಅವಳಿಗೆ ಹೊಸ ಪುಸ್ತಕ ಬರಲೆಂದೇ ಆ ಬೀದಿಯ ಪ್ರತಿ ಮನೆಯೂ ಕರ ಕಟ್ಟಿದೆ.

ಅಂಕಿಅಂಶ ಬಚ್ಚಿಡುವುದರಲ್ಲೂ ನಾವು ಹಿಂದೆ ಬಿದ್ದಿಲ್ಲ. 2015ರಲ್ಲಿ ನೂರೈವತ್ತು ಕೋಟಿಗೂ ಮಿಗಿಲಾದ ಖರ್ಚಿನಲ್ಲಿ ನಡೆದ ಕಾಂತರಾಜ ಆಯೋಗದ ಜಾತಿ ಸಮೀಕ್ಷೆಯನ್ನು ಎಲ್ಲ ಪಕ್ಷಗಳ ಸರ್ಕಾರಗಳೂ ಸೇರಿ ಹತ್ತು ವರ್ಷ ಕಪಾಟಿನಲ್ಲಿಟ್ಟವು. 2025ರಲ್ಲಿ, ಅಂಕಿ ಹಳೆಯದಾಯಿತೆಂದು, ಮರುಸಮೀಕ್ಷೆಗೆ ಇಳಿದೆವು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಬೆಳಗಾವಿ ಅಧಿವೇಶನದಲ್ಲಿ, ಗೃಹಲಕ್ಷ್ಮಿ ಗ್ಯಾರಂಟಿ ಯೋಜನೆಯ ಹಣವನ್ನು ಆಗಸ್ಟ್‌ವರೆಗೆ ಪಾವತಿಸಲಾಗಿದೆ ಎಂಬ ಉತ್ತರ ಸದನಕ್ಕೆ ಬಂತು. ಫೆಬ್ರುವರಿ ಮತ್ತು ಮಾರ್ಚ್ ತಿಂಗಳ ಕಂತು ಬಂದೇ ಇಲ್ಲವೆಂದು ವಿರೋಧ ಪಕ್ಷ ಪಟ್ಟು ಹಿಡಿದ ಮೇಲೆ ಇಲಾಖೆಯ ಸಚಿವೆ ವಿಷಾದ ವ್ಯಕ್ತಪಡಿಸಬೇಕಾಯಿತು. ಎರಡು ತಿಂಗಳ ಮೊತ್ತ ಸುಮಾರು 5,000 ಕೋಟಿ. ತಮ್ಮ ಖಾತೆಗೆ ಎರಡು ಕಂತು ಬಿದ್ದಿಲ್ಲವೆಂಬುದು ಹಳ್ಳಿಯ ಹೆಣ್ಣುಮಕ್ಕಳಿಗೆ ಗೊತ್ತಿತ್ತು, ಸದನಕ್ಕೆ ಗೊತ್ತಿರಲಿಲ್ಲ.

ರಾಜ್ಯದ ಪ್ರತಿ ಬಿಲ್ಲೂ ಖಜಾನೆ-2 ತಂತ್ರಾಂಶದ ಮೂಲಕವೇ ಹೋಗುತ್ತದೆ. ಯಾವ ಲೆಕ್ಕ ಶೀರ್ಷಿಕೆಯಿಂದ ಯಾವ ದಿನ ಎಷ್ಟು ಬಿಡುಗಡೆಯಾಯಿತೆಂಬುದು ಆರ್ಥಿಕ ಇಲಾಖೆಯ ಕಣ್ಣ ಮುಂದೆಯೇ ಇರುತ್ತದೆ. ಆಗ ಆರ್ಥಿಕ ಖಾತೆ ಮುಖ್ಯಮಂತ್ರಿಯವರ ಕೈಯಲ್ಲೇ ಇತ್ತು. ಪ್ರತಿ ಗ್ಯಾರಂಟಿ ಯೋಜನೆಯ ಪಾವತಿಯನ್ನು ತಿಂಗಳುವಾರು, ತಾಲ್ಲೂಕುವಾರು ಜನರ ಮುಂದಿಡಲು ಹೊಸ ಕಾನೂನು ಬೇಕಿಲ್ಲ, ದೆಹಲಿಯ ಅಪ್ಪಣೆಯೂ ಬೇಕಿಲ್ಲ. ಅದರ ಆದೇಶವನ್ನು ವಿಧಾನಸೌಧದಿಂದ ಒಂದು ಮಧ್ಯಾಹ್ನದಲ್ಲಿ ಹೊರಡಿಸಬಹುದು.