ಐದು ಲಕ್ಷದ ಕಾರ್ಡು, ಎರಡು ಮೊಟ್ಟೆ

ಇಲ್ಲಿ ಏನಾದ್ರೂ ಗೀಚಿ ತುಂಬಾ ದಿನ ಆಯ್ತು. ಆಫೀಸು, ರಿಲೀಸು, ಡೆಡ್‌ಲೈನು ಅಂತ ನೆಪಗಳು ಇದ್ದೇ ಇರುತ್ತವೆ ಬಿಡಿ. ಮೊನ್ನೆ ಊರಿಗೆ ಹೋಗಿ ಬಂದಾಗಿನಿಂದ ಒಂದು ವಿಷಯ ತಲೆ ಕೊರೀತಿದೆ. ಬರೆದಾದ್ರೂ ಹಗುರಾಗೋಣ ಅಂತ ಕೂತೆ.

ನಮ್ಮೂರು ತೂಬಗೆರೆ. ಘಾಟಿ ಸುಬ್ರಹ್ಮಣ್ಯ ಇರೋದು ನಮ್ಮ ಹೋಬಳಿಯಲ್ಲೇ ಅಂದ್ರೆ ಗೊತ್ತಾಗಬಹುದು. ನನ್ನ ದೊಡ್ಡಪ್ಪ ದೊಡ್ಡಬಳ್ಳಾಪುರದಲ್ಲಿ ಮಗ್ಗ ಓಡಿಸ್ತಿದ್ದವರು. ನಾಲ್ಕು ತಿಂಗಳ ಹಿಂದೆ ಟಿಬಿ ಅಂತ ಗೊತ್ತಾಯ್ತು. ಆರು ತಿಂಗಳ ಮಾತ್ರೆ ಪೂರ್ತಿ ಉಚಿತ. ಕಾಯಿಲೆ ಬಂದ ಮೇಲೆ ಮಗ್ಗದ ಕೂಲಿ ನಿಂತಿದೆ. ಮನೆಯಲ್ಲಿ ದೊಡ್ಡಮ್ಮ, ಅಣ್ಣ, ಅತ್ತಿಗೆ, ಒಂದು ಪುಟ್ಟ ಹುಡುಗಿ ಸೇರಿ ಐದು ಜನ.

ನಾನು ಹೋದಾಗ ದೊಡ್ಡಮ್ಮ ಎರಡು ಮೊಟ್ಟೆ ಬೇಯಿಸಿ ಅವರ ಮುಂದೆ ಇಟ್ರು. ಅವರು ಒಂದನ್ನ ಮೊಮ್ಮಗಳಿಗೆ ಕೊಟ್ರು, ಇನ್ನೊಂದನ್ನ ಮುರಿದು ಅರ್ಧ ತಿಂದ್ರು. ಉಳಿದರ್ಧವೂ ಹುಡುಗಿಗೇ. "ನಿಮಗೆ ಅಂತ ಬೇಯಿಸಿದ್ದಲ್ವಾ ದೊಡ್ಡಪ್ಪಾ" ಅಂದೆ. "ಮಗು ಎದುರಿಗೆ ಕೂತ್ಕಂಡು ಬಾಯಿ ನೋಡ್ತಿದ್ರೆ ಗಂಟ್ಲಲ್ಲಿ ಇಳೀತದೇನಪ್ಪಾ" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಈಗ ನನ್ನ ಕೆಲಸದ ವಿಷಯ. ನಾನು ಬರೆಯೋದು ಅಮೆರಿಕದ ಆರೋಗ್ಯ ವಿಮೆಯ ಕ್ಲೇಮ್ ಸಾಫ್ಟ್‌ವೇರು. ಅಲ್ಲಿ ಎಲ್ಲದಕ್ಕೂ ಒಂದೊಂದು ಕೋಡು. ಎಸ್ 5170 ಅಂದ್ರೆ ಏನು ಗೊತ್ತಾ? ಮನೆಗೆ ತಲುಪಿಸಿದ ಒಂದು ಊಟ! ಮೊದಲ ಸಲ ನೋಡಿದಾಗ ನಗು ಬಂದಿತ್ತು, ಊಟಕ್ಕೂ ಕ್ಲೇಮಾ ಅಂತ. ಆಮೇಲೆ ಓದ್ತಾ ಹೋದೆ. ನಾರ್ತ್ ಕ್ಯಾರೊಲಿನಾದಲ್ಲಿ 2022ರಿಂದ ಬಡವರ ವಿಮೆಯಾದ ಮೆಡಿಕೇಡ್ ದುಡ್ಡಲ್ಲೇ ತರಕಾರಿ, ದಿನಸಿ ಡಬ್ಬಗಳನ್ನ ಮನೆಗೆ ಕೊಟ್ರು. ಮನೆ, ಓಡಾಟದ ನೆರವೂ ಜೊತೆಗಿತ್ತು. ಒಬ್ಬೊಬ್ಬರ ವೈದ್ಯಕೀಯ ಖರ್ಚು ತಿಂಗಳಿಗೆ ಸುಮಾರು 85 ಡಾಲರ್ ಇಳೀತು ಅಂತ ಮೌಲ್ಯಮಾಪನ ಹೇಳಿತು. ಆದ್ರೂ 2025ರ ಜುಲೈಯಲ್ಲಿ ರಾಜ್ಯ ದುಡ್ಡು ಕೊಡದೆ ಅದು ನಿಂತುಹೋಯ್ತು. ಸಕ್ಕರೆ ಕಾಯಿಲೆಯವರಿಗೆ ಹೀಗೇ ಆಹಾರ ಕೊಟ್ಟ ಇನ್ನೊಂದು ಪ್ರಯೋಗದಲ್ಲಿ (2023) ಸಕ್ಕರೆ ಪ್ರಮಾಣದಲ್ಲಿ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಹಾಗಾಗಿ ಊಟ ಎಲ್ಲ ರೋಗಕ್ಕೂ ಮದ್ದು ಅಂತ ನಾನು ಹೇಳ್ತಿಲ್ಲ.

ಟಿಬಿ ಕತೆ ಬೇರೆ. ಇದಕ್ಕೆ ಪುರಾವೆ ಹುಡುಕಿಕೊಟ್ಟವರು ನಮ್ಮ ಮಂಗಳೂರಿನವರು. ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತವರ ತಂಡ ಜಾರ್ಖಂಡಿನಲ್ಲಿ 2,800 ರೋಗಿಗಳಿಗೆ ತಿಂಗಳಿಗೆ 10 ಕೆಜಿಯ ಆಹಾರದ ಚೀಲ ಕೊಟ್ಟಿತು. ಒಂದು ಗುಂಪಿನಲ್ಲಿ ಮನೆಯ ಉಳಿದವರಿಗೂ ತಲಾ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ ಕೊಟ್ರು. 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಬಂತು: ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರೋದು 39% ಕಡಿಮೆ. ಅಕ್ಕಿ ಬೇಳೆಯಿಂದ! ಇನ್ನು ರೋಗಿಗಳಲ್ಲಿ, ಎರಡು ತಿಂಗಳಲ್ಲಿ ತೂಕ 5% ಏರಿದವರು ಸಾಯೋ ಸಾಧ್ಯತೆ 61% ಕಡಿಮೆ ಇತ್ತು.

ಇದನ್ನ ಓದುವಾಗ ನನಗೆ ಆ ಮುರಿದ ಮೊಟ್ಟೆಯೇ ಕಣ್ಣ ಮುಂದೆ ಬಂತು. ರೋಗಿಗೆ ಅಂತ ಕೊಟ್ಟಿದ್ದು ರೋಗಿಯ ಹೊಟ್ಟೆಗೇ ಸೇರಬೇಕಾದ್ರೆ ಉಳಿದ ತಟ್ಟೆಗಳಲ್ಲೂ ಏನಾದ್ರೂ ಇರಬೇಕು.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರಿನಿಂದ 1,000. ದೊಡ್ಡಪ್ಪನಿಗೂ ಬರ್ತಿದೆ. ದಿನಕ್ಕೆ 33 ರೂಪಾಯಿ ಆಯ್ತು, ಅದನ್ನ ಐದು ಜನಕ್ಕೆ ಭಾಗ ಮಾಡಿ ನೋಡಿ. ದಾನಿಗಳು ಆಹಾರದ ಕಿಟ್ ಕೊಡೋ 'ನಿಕ್ಷಯ್ ಮಿತ್ರ'ವೂ 2022ರಿಂದ ಇದೆ. ಒಳ್ಳೇದೇ, ಆದ್ರೆ ದಾನಿ ಸಿಕ್ಕಿದ್ರೆ ಉಂಟು, ಇಲ್ಲದಿದ್ರೆ ಇಲ್ಲ.

ಅದೇ ಮನೆಯ ಗೂಡಿನಲ್ಲಿ ಆಯುಷ್ಮಾನ್ ಕಾರ್ಡೂ ಇದೆ. ವರ್ಷಕ್ಕೆ ಐದು ಲಕ್ಷದ ಭರವಸೆ. ಅದಕ್ಕೆ ಬೆಲೆ ಬರೋದು ಬಹುಮಟ್ಟಿಗೆ ಅಡ್ಮಿಟ್ ಆದಮೇಲೆ. ಆಸ್ಪತ್ರೆಯಲ್ಲಿ ಮಲಗಿದ್ದಷ್ಟು ದಿನ ಊಟವೂ ಆ ಪ್ಯಾಕೇಜಿನಲ್ಲೇ ಸೇರಿದೆ. ಅಂದ್ರೆ ಊಟ ಚಿಕಿತ್ಸೆಯ ಭಾಗ ಅಂತ ಈಗಾಗಲೇ ಒಪ್ಪಿಕೊಂಡಾಗಿದೆ, ಗೇಟು ದಾಟಿದ ತಕ್ಷಣ ಮರೆತುಬಿಡ್ತೀವಿ ಅಷ್ಟೇ! ದೊಡ್ಡಪ್ಪ ಸೊರಗಿ ಸೊರಗಿ ಹಾಸಿಗೆ ಹಿಡಿದ್ರೆ ವಿಮೆ ದುಡ್ಡು ಕೊಡುತ್ತೆ. ಹಿಡೀದೇ ಇರೋ ಹಾಗೆ ನೋಡ್ಕೊಳ್ಳೋಕೆ ಕೊಡೋಲ್ಲ. ಸಾಫ್ಟ್‌ವೇರಿನವನ ಬುದ್ಧಿಗೆ ಇದು ಬಗ್ ಥರ ಕಾಣುತ್ತೆ :-)

ಪ್ಯಾಕೇಜುಗಳ ಪಟ್ಟಿಗೆ ಇನ್ನೊಂದು ಸಾಲು ಸೇರಿಸಲಿ. ಟಿಬಿ ಚಿಕಿತ್ಸೆಯ ಆರು ತಿಂಗಳು ಇಡೀ ಮನೆಗೆ ಬೇಳೆ, ಕಾಳು, ಮೊಟ್ಟೆ, ಹಾಲು. ದುಡ್ಡಾಗಿ ಬೇಡ, ದುಡ್ಡು ಅಂಗಡಿ ಸಾಲಕ್ಕೆ ಹೋಗಿಬಿಡುತ್ತೆ. ಹಂಚೋದು ಹೇಗೆ ಅಂತ ತಲೆಕೆಡಿಸಿಕೊಳ್ಳಬೇಕಿಲ್ಲ. ಅಂಗನವಾಡಿಯಲ್ಲಿ 2017ರಿಂದ ಮಾತೃಪೂರ್ಣದ ಬಿಸಿಯೂಟ ಇದೆ, ರೇಷನ್ ಅಂಗಡಿ ಇದೆ, ಹಾಲಿನ ಡೈರಿ ಇದೆ. ಸಹಕಾರ ಸಂಘದ ರೈತರಿಗೆ ತಿಂಗಳಿಗೆ 5 ರೂಪಾಯಿ ಕಂತಿನಲ್ಲಿ ಆಪರೇಷನ್ ಮಾಡಿಸಿದ ಯಶಸ್ವಿನಿ 2003ರಲ್ಲಿ ಶುರುವಾದದ್ದು ನಮ್ಮ ರಾಜ್ಯದಲ್ಲೇ. ಆಗಲೂ ಆಗದು ಅಂದವರು ಇದ್ದಿರಬೇಕು.

ದುರುಪಯೋಗ ಆಗುತ್ತೆ ಅಂತೀರಾ? ಆಗಬಹುದು. ಬೇಳೆ ಚೀಲ ಕದ್ದವನಿಗಿಂತ ಸುಳ್ಳು ಆಪರೇಷನ್ ಬಿಲ್ಲು ಹಾಕಿದವನು ನುಂಗೋದು ಜಾಸ್ತಿ ಅನ್ನೋದು ನನ್ನ ಅನಿಸಿಕೆ. ನಿಮ್ಮದೇನು, ಹೇಳಿ.

ದೊಡ್ಡಪ್ಪನ ಮಾತ್ರೆ ಇನ್ನೂ ಎರಡು ತಿಂಗಳಿದೆ. ಊರಿಂದ ಬಂದಮೇಲೆ ದೊಡ್ಡಮ್ಮನಿಗೆ ಮೊಟ್ಟೆ ದುಡ್ಡು ಕಳಿಸ್ತಿದ್ದೀನಿ. ದಿನಕ್ಕೆ ಐದು ಮೊಟ್ಟೆ ಲೆಕ್ಕದಲ್ಲಿ.