ಬಿಸಿಲನ್ನು ನಂಬಿ ಹೊರಟವರು

ಮನೆಯ ಮಗನೋ ಮಗಳೋ ‘ಒಂದು ವರ್ಷ ಓದು ನಿಲ್ಲಿಸಿ ಗೆಳೆಯರೊಡನೆ ಕಾರು ಕಟ್ಟುತ್ತೇನೆ’ ಎಂದರೆ ನಾವು ಏನೆನ್ನುತ್ತೇವೆ? ‘ವರ್ಷ ವ್ಯರ್ಥವಾಯಿತು’ ಎಂದು ಕೊರಗುವ ತಂದೆತಾಯಿಗಳೇ ಹೆಚ್ಚು. ಆದರೆ ನೆದರ್‌ಲ್ಯಾಂಡ್ಸ್ ದೇಶದ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಇಂಥ ವಿದ್ಯಾರ್ಥಿಗಳ ಪರಂಪರೆಯೇ ಇದೆ. ಅವರು ಕಟ್ಟುವುದು ಪೆಟ್ರೋಲಿನ ಹಂಗಿಲ್ಲದೆ ಸೂರ್ಯನ ಬೆಳಕಿನಿಂದ ಓಡುವ ಕಾರನ್ನು. ಅದರ ಹೆಸರು ‘ನೂನಾ’.

ಈ ಕಾರುಗಳ ಪರೀಕ್ಷೆ ನಡೆಯುವುದು ದೂರದ ಆಸ್ಟ್ರೇಲಿಯದಲ್ಲಿ. 1987ರಲ್ಲಿ ಆರಂಭವಾದ ಈ ಸ್ಪರ್ಧೆಯ ಹಾದಿ ಉತ್ತರದ ಡಾರ್ವಿನ್ ನಗರದಿಂದ ದಕ್ಷಿಣದ ಅಡಿಲೇಡ್ ನಗರದವರೆಗೆ ಸುಮಾರು 3,000 ಕಿ.ಮೀ. ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಪಯಣ. ಬಳಿಕ ರಸ್ತೆಯ ಬದಿಯಲ್ಲಿಯೇ ಬಿಡಾರ. ಮುಂಜಾನೆ, ಮುಸ್ಸಂಜೆಗಳಲ್ಲಿ ವಿದ್ಯಾರ್ಥಿಗಳು ಕಾರಿನ ಸೌರಫಲಕವನ್ನು ಸೂರ್ಯನತ್ತ ಓರೆಯಾಗಿ ಹಿಡಿದು, ದೊರೆತಷ್ಟು ಬೆಳಕನ್ನು ಬ್ಯಾಟರಿಯಲ್ಲಿ ಕೂಡಿಡುತ್ತಾರೆ.

2001ರಲ್ಲಿ ಮೊದಲ ಸಲ ಸ್ಪರ್ಧಿಸಿದಾಗಲೇ ಡೆಲ್ಫ್ಟ್ ತಂಡ ಗೆದ್ದಿತು. 2005ರಲ್ಲಿ ಅದರ ಕಾರಿನ ಸರಾಸರಿ ವೇಗ ಗಂಟೆಗೆ 100 ಕಿ.ಮೀ. ಮೀರಿತು. ವೇಗ ಅತಿಯಾಗದಂತೆ ವ್ಯವಸ್ಥಾಪಕರು ಫಲಕದ ಅಳತೆಯನ್ನು ತಗ್ಗಿಸುತ್ತ ಬಂದರು. 2007ರಲ್ಲಿ 6 ಚದರ ಮೀಟರ್, 2017ರಲ್ಲಿ ಸಾಮಾನ್ಯ ಸಿಲಿಕಾನ್ ಫಲಕಕ್ಕೆ 4 ಚದರ ಮೀಟರ್. ಇಷ್ಟರಿಂದ ನಡುಹಗಲಿನಲ್ಲಿ ದೊರೆಯುವ ವಿದ್ಯುತ್ತು ಸುಮಾರು ಒಂದು ಕಿಲೋವಾಟ್, ಅಂದರೆ ನಮ್ಮ ಮನೆಯ ಇಸ್ತ್ರಿಪೆಟ್ಟಿಗೆ ಬಳಸುವಷ್ಟು ಮಾತ್ರ! ಆದರೂ ಆ ವರ್ಷ ಗೆದ್ದ ನೂನಾದ ಸರಾಸರಿ ವೇಗ 80 ಕಿ.ಮೀ. ದಾಟಿತ್ತು. ಇದರ ಗುಟ್ಟು ಮಿತವ್ಯಯ. ಗಾಳಿಯನ್ನು ಸೀಳಿ ಸಾಗುವ ಆಕಾರ, ಅತಿ ಕಡಿಮೆ ತೂಕ, ಮೋಡ ಕವಿಯುವ ಮುನ್ನವೇ ನಾಳೆಯ ಲೆಕ್ಕ. ಎಲ್ಲಿಯೂ ಎಳ್ಳಷ್ಟೂ ಶಕ್ತಿ ಪೋಲಾಗದಂತೆ ನೋಡಿಕೊಳ್ಳುವುದೇ ಅವರ ವಿದ್ಯೆ.

2019ರ ಅಕ್ಟೋಬರ್‌ನಲ್ಲಿ ಈ ತಂಡಕ್ಕೆ ಕಠಿಣ ಪರೀಕ್ಷೆ ಒದಗಿತು. ಸ್ಪರ್ಧೆಯ ಕೊನೆಯ ಹಂತ. ನೂನಾ ಎಲ್ಲರಿಗಿಂತ ಮುಂದೆ. ಅಡಿಲೇಡ್ ಇನ್ನು ಕೆಲವು ನೂರು ಕಿ.ಮೀ. ಇರುವಾಗ ಕಾರಿಗೆ ಬೆಂಕಿ ಹತ್ತಿಕೊಂಡಿತು. ಚಾಲಕನಿಗೆ ಪ್ರಾಣಾಪಾಯವಾಗಲಿಲ್ಲ ಎಂಬುದೇ ಸಮಾಧಾನ. ಒಂದು ವರ್ಷದ ದುಡಿಮೆ ಕಣ್ಣೆದುರಿನಲ್ಲಿಯೇ ಉರಿದುಹೋಯಿತು. ಗೆಲುವು ಬೆಲ್ಜಿಯಂ ದೇಶದ ವಿದ್ಯಾರ್ಥಿಗಳ ಪಾಲಾಯಿತು.

ಹಾಗಾದರೆ ಆ ವರ್ಷ ವ್ಯರ್ಥವಾಯಿತೆ? ಡೆಲ್ಫ್ಟ್‌ನಲ್ಲಿ ಪ್ರತಿ ಸಲವೂ ತಂಡ ಹೊಸದು. ಹಳಬರು ತಾವು ಕಲಿತದ್ದನ್ನು, ತಮ್ಮ ತಪ್ಪುಗಳನ್ನೂ ಸೇರಿಸಿ, ಹೊಸಬರ ಕೈಗಿತ್ತು ಹೋಗುತ್ತಾರೆ. 2023ರಲ್ಲಿ ಮೂರನೆಯ ಸ್ಥಾನ ಪಡೆದ ತಂಡ 2025ರಲ್ಲಿ ಮತ್ತೆ ಪ್ರಥಮವಾಯಿತು. ಅಂದು ಸಂಭ್ರಮಿಸಿದವರು 2019ರಲ್ಲಿ ಕಣ್ಣೀರಿಟ್ಟವರಲ್ಲ. ಬಿತ್ತಿದವರು ಬೇರೆ, ಬೆಳೆ ಕೊಯ್ದವರು ಬೇರೆ.

ತಾಯಂದಿರೆ, ತಂದೆಯರೆ, ಮಕ್ಕಳ ಅಂಕಪಟ್ಟಿಯಲ್ಲಿ ಕಾಣದ ಕಲಿಕೆಯೂ ಉಂಟು. ನಿಮ್ಮ ಮಗು ಹಳೆಯ ರೇಡಿಯೋ ಬಿಚ್ಚಿ ಕುಳಿತಿದ್ದರೆ ಗದರಿಸುವ ಮುನ್ನ ಒಂದು ಗಳಿಗೆ ಪಕ್ಕದಲ್ಲಿ ಕುಳಿತು, ಏನು ಮಾಡುತ್ತಿರುವೆ ಎಂದು ಕೇಳಿ ನೋಡಿರಿ.